ಮಗಳು ಓಡಿ ಬಂದರೂ ಖುಷಿಯಾಗಲಿಲ್ಲ

ಪ್ರಶ್ನೆ: ನನಗೆ 41 ವರ್ಷ. ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆಯನ್ನು ಮೂರು ವರ್ಷ ನೋಡಿಕೊಂಡೆ. ಅವರು ತೀರಿಕೊಂಡಾಗ ಕಣ್ಣೀರೇ ಬರಲಿಲ್ಲ. ಆಮೇಲೆ ಯಾವುದೂ ಮನಸ್ಸಿಗೆ ತಟ್ಟುತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್ ಬಂತೆಂದು ಮಗಳು ಓಡಿ ಬಂದರೆ ‘ಹೌದಾ’ ಎಂದು ಅಕ್ಕಿ ತೊಳೆಯುತ್ತಾ ನಿಂತೆ. ಅವಳ ಮುಖ ಸಪ್ಪಗಾಯಿತು. ನನ್ನ ಸಂಸಾರವನ್ನು ಬೇರೆ ಯಾರೋ ನಡೆಸುತ್ತಿದ್ದಾರೆ ಅನಿಸುತ್ತದೆ. ನಾನು ಕಲ್ಲಾಗಿಬಿಟ್ಟೆನೇ?
– ಹೆಸರು ಬೇಡ, ತಿಪಟೂರು

ಉತ್ತರ: ಇಲ್ಲಮ್ಮ. ಅವಳ ಮುಖ ಸಪ್ಪಗಾದದ್ದು ನಿಮಗೆ ಕಂಡಿದೆ, ಅದು ಕಾಡಿಯೇ ಪತ್ರ ಬರೆದಿದ್ದೀರಿ.

ಆ ಮೂರು ವರ್ಷ ಹೇಗೆ ಕಳೆದಿರಿ, ನೆನಪಿಸಿಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಿದ್ದೆಯಲ್ಲೂ ಒಂದು ಕಿವಿ ಆ ಕೋಣೆಯ ಕಡೆಗೇ. ಅಳುತ್ತಾ ಕೂತರೆ ಕೆಲಸ ಸಾಗುತ್ತಿರಲಿಲ್ಲ. ದುಃಖ, ಸಿಟ್ಟು, ಅಸಹ್ಯ ಎಲ್ಲವನ್ನೂ ನುಂಗಿಕೊಂಡಿರಿ. ದುಃಖವನ್ನಷ್ಟೇ ಆರಿಸಿ ನುಂಗಲು ಮನಸ್ಸಿಗೆ ಬರುವುದಿಲ್ಲ, ಸಂತೋಷವೂ ಜೊತೆಗೇ ಹೋಗುತ್ತದೆ. ‘ಗಟ್ಟಿ ಹೆಂಗಸು’ ಎಂದು ನೆಂಟರು ಹೊಗಳಿರುತ್ತಾರೆ. ಒಂದು ರಾತ್ರಿಯಾದರೂ ನಿಮ್ಮ ಬದಲು ಎದ್ದವರು ಯಾರು ಎಂದು ಅವರನ್ನೇ ಕೇಳಬೇಕೆನಿಸುತ್ತದೆ ನನಗೆ.

ಹಾಗೆಂದು ಬರೀ ದಣಿವು ಎಂದು ಬಿಡಬೇಡಿ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಖುಷಿ, ಆಸಕ್ತಿ ಇಲ್ಲದಿರುವುದು ಖಿನ್ನತೆಯ ಮುಖ್ಯ ಲಕ್ಷಣ, ಅಳು ಬರಲೇಬೇಕೆಂದಿಲ್ಲ. ತನ್ನ ಬದುಕನ್ನೇ ದೂರದಿಂದ ನೋಡಿದಂತಾಗುವುದೂ ವೈದ್ಯರಿಗೆ ಗೊತ್ತಿರುವ ಸ್ಥಿತಿಯೇ, ಹುಚ್ಚಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯಿಂದಲೂ ಮನಸ್ಸು ಮಂಕಾಗಬಹುದು, ಹಾಗಾಗಿ ರಕ್ತಪರೀಕ್ಷೆ ಮಾಡಿಸಿ. ಮನೋವೈದ್ಯರಿಗಾಗಿ ಬೆಂಗಳೂರಿಗೇ ಬರಬೇಕಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಇರುತ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ನಡೆಯುತ್ತದೆ, ಯಾವ ಮಂಗಳವಾರ ಎಂದು ನಿಮ್ಮೂರಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಅದಕ್ಕೂ ಮನಸ್ಸಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯಬೇಕೆಂಬ ಯೋಚನೆ ಸುಳಿದರಂತೂ ಆ ಕ್ಷಣವೇ ಮಾಡಿ.

ಮಗಳ ಮುಂದೆ ಖುಷಿ ನಟಿಸಲು ಹೋಗಬೇಡಿ, ಆ ವಯಸ್ಸಿನವರಿಗೆ ಗೊತ್ತಾಗಿಬಿಡುತ್ತದೆ. ‘ನೀನು ಪಾಸಾಗಿದ್ದು ನಂಗೆ ಲೆಕ್ಕಕ್ಕಿಲ್ಲ ಅಂತಲ್ಲ ಪುಟ್ಟಿ. ಅಜ್ಜಿ ಹೋದ್ಮೇಲೆ ನನ್ನ ಮನಸ್ಸಿಗೆ ಹುಷಾರಿಲ್ಲ, ಡಾಕ್ಟರ ಹತ್ರ ಹೋಗ್ತೀನಿ’ ಎನ್ನಿ. ಅಮ್ಮನಿಗೆ ತನ್ನ ಮೇಲೆ ಪ್ರೀತಿಯಿಲ್ಲ ಎಂದು ಅವಳು ಒಳಗೊಳಗೇ ತೀರ್ಮಾನಿಸುವ ಮೊದಲು, ಇವತ್ತೇ ಹೇಳಿ. ಆಸ್ಪತ್ರೆಗೆ ಹೋಗುವ ದಿನ ನಿಮ್ಮ ಯಜಮಾನರು ರಜೆ ಹಾಕಿ ಜೊತೆಗೆ ಬರಲಿ.