ದಡಕ್ಕಿಳಿಯುವಾಗ ಹಾಯಿ ಕಯಾಕ್ ಕಟ್ಟುವುದು ಹೇಗೆ?

ಪ್ರಶ್ನೆ: ಅನುಮತಿ ಪಡೆದು ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರಿನಲ್ಲಿ ಒಬ್ಬರೇ ಕೂರುವ ಹಾಯಿ ಕಯಾಕ್ ನಡೆಸುತ್ತೇನೆ. ಕಳೆದ ಬಾರಿ ಅದನ್ನು ಕೆಸರಿನ ಮೇಲೆ ಅರ್ಧ ಎಳೆದು, ಗೂಟಕ್ಕೆ ಕಟ್ಟಿ ಊಟಕ್ಕೆ ಹೋಗಿದ್ದೆ. ಮರಳುವಷ್ಟರಲ್ಲಿ ಗೂಟ ಕಿತ್ತುಬಂದು, ದೋಣಿ ತೇಲಿಹೋಗಿ ಮಗುಚಿತ್ತು. ಲಂಗರು ಇದ್ದರೆ ಸಾಕೇ?
– ಹುಣಸಗಿ ತಾಲ್ಲೂಕಿನ ಓದುಗರು

ಉತ್ತರ: ಲಂಗರಿಗಿಂತ ಮೊದಲು ಹಾಯಿಯ ವಿಚಾರ ನೋಡಬೇಕು. ಎತ್ತಿದ ಹಾಯಿಯನ್ನು ಹಾಗೆಯೇ ಬಿಟ್ಟುಹೋದ ದೋಣಿಯನ್ನು ಯಾವ ಗೂಟವೂ ಬಹಳ ಹೊತ್ತು ಹಿಡಿಯಲಾರದು. ಆದ್ದರಿಂದ ದಡ ಇನ್ನೂ ಮೂವತ್ತು ನಲವತ್ತು ಮೀಟರ್ ದೂರವಿರುವಾಗಲೇ ಹಾಯಿಯನ್ನು ಇಳಿಸಿ, ಸುತ್ತಿ, ಪಟ್ಟಿಯಿಂದ ಬಿಗಿದು, ಉಳಿದ ದೂರವನ್ನು ಹುಟ್ಟು ಹಾಕಿಯೇ ಕ್ರಮಿಸಿ. ನೀರು ಮೊಣಕಾಲುಮಟ್ಟಕ್ಕೆ ಬಂದಾಗ ಚುಕ್ಕಾಣಿಯನ್ನೂ ನೀರಿನೊಳಗಿನ ಹಲಗೆಯನ್ನೂ ಮೇಲೆತ್ತಿ, ಇಳಿದು, ದೋಣಿಯನ್ನು ಕೈಯಿಂದ ಎಳೆಯಿರಿ.

ಜಲಾಶಯದಲ್ಲಿ ಸಮುದ್ರದಂತೆ ಉಬ್ಬರವಿಳಿತವಿಲ್ಲದಿದ್ದರೂ ನೀರಿನ ಮಟ್ಟ ಸ್ಥಿರವಾಗಿರುವುದಿಲ್ಲ. ಮೇಲಿನ ಆಲಮಟ್ಟಿಯಿಂದ ಬರುವ ನೀರು, ಇಲ್ಲಿಂದ ಕಾಲುವೆಗೂ ನದಿಗೂ ಬಿಡುವ ನೀರು ಎರಡೂ ದಡದ ಅಂಚನ್ನು ಸರಿಸುತ್ತವೆ. ಹಿನ್ನೀರಿನ ಇಳಿಜಾರು ತೀರ ಕಡಿಮೆಯಿರುವ ಕಡೆ ಮಟ್ಟ ಒಂದು ಗೇಣು ಏರಿದರೂ ನೀರು ಹಲವು ಮೀಟರ್ ಮುಂದೆ ಬರುತ್ತದೆ. ನಿಮ್ಮ ದೋಣಿ ತೇಲಿದ್ದಕ್ಕೆ ಇದೇ ಕಾರಣವಿರಬಹುದು. ದಡದಲ್ಲಿ ಕಸಕಡ್ಡಿ ಸಾಲಾಗಿ ನಿಂತ ಗೆರೆ ಕಾಣುತ್ತದೆ, ಅದಕ್ಕಿಂತ ಮೇಲಕ್ಕೆ ಇಡೀ ದೋಣಿಯನ್ನು ಎಳೆದು, ಆನಂತರವೂ ಕಟ್ಟಿ. ಹೆಚ್ಚು ಹೊತ್ತು ಬಿಡುವುದಾದರೆ ಹಾಯಿಕಂಬವನ್ನು ಕಳಚಿ, ಇಲ್ಲಿನ ಮೀನುಗಾರರು ಹರಿಗೋಲನ್ನು ಹಾಕುವಂತೆ ಬೋರಲು ಹಾಕುವುದೇ ಒಳ್ಳೆಯದು.

ಗೂಟ ಕಿತ್ತುಬಂದದ್ದರಲ್ಲಿ ಅಚ್ಚರಿಯಿಲ್ಲ. ಎರೆಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಜಾರುತ್ತದೆ. ಎರಡು ಸ್ಥಿತಿಯಲ್ಲೂ ನೆಟ್ಟಗೆ ಹೊಡೆದ ಚಿಕ್ಕ ಗೂಟ ನಂಬಿಕೆಗೆ ಯೋಗ್ಯವಲ್ಲ. ಉದ್ದನೆಯ ಗೂಟವನ್ನು ಅದರ ತಲೆ ದೋಣಿಯಿಂದ ಆಚೆಗೆ ವಾಲುವಂತೆ ಹೊಡೆದು, ಹಗ್ಗವನ್ನು ನೆಲಮಟ್ಟದಲ್ಲಿಯೇ ಎರಡು ಸುತ್ತು ಸುತ್ತಿ, ಎರಡು ಅರೆಗಂಟು ಹಾಕಿ. ನನ್ನ ಮಟ್ಟಿಗೆ ಇದಕ್ಕಿಂತಲೂ ಭದ್ರವಾದದ್ದು, ಕಲ್ಲುಮಣ್ಣು ತುಂಬಿದ ಚೀಲದ ನಡುವಿಗೆ ಹಗ್ಗ ಬಿಗಿದು ಮೊಣಕೈ ಆಳಕ್ಕೆ ಹೂಳುವುದು. ಬೇವಿನ ಮರವೋ ಜಾಲಿಯೋ ಹತ್ತಿರವಿದ್ದರೆ ಇಷ್ಟೆಲ್ಲ ಕಷ್ಟ ಬೇಡ. ಹಗ್ಗ 6ರಿಂದ 8 ಮಿ.ಮೀ. ದಪ್ಪದ ನೈಲಾನಿನದಾಗಿರಲಿ, ಅದು ಸ್ವಲ್ಪ ಹಿಗ್ಗಿ ಜಗ್ಗಾಟವನ್ನು ತಾಳಿಕೊಳ್ಳುತ್ತದೆ.

ದೋಣಿಯನ್ನು ನೀರಿನಲ್ಲಿಯೇ ನಿಲ್ಲಿಸಬೇಕಾದ ಕಲ್ಲುದಡದಲ್ಲಿ ಮಾತ್ರ ಲಂಗರು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ದಡದಿಂದ ತುಸು ದೂರದಲ್ಲಿ ಹಿಂತುದಿಯ ಕಡೆಯಿಂದ ಅದನ್ನು ಇಳಿಸಿ, ಮುಂತುದಿಯ ಹಗ್ಗವನ್ನು ದಡಕ್ಕೆ ಕಟ್ಟಿದರೆ ದೋಣಿ ಕಲ್ಲಿಗೆ ತಾಗದೆ ನಡುವೆ ನಿಲ್ಲುತ್ತದೆ. ಲಂಗರಿನ ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟು ಇರಬೇಕು, ಅಂದರೆ 2 ಮೀಟರ್ ಆಳಕ್ಕೆ 10ರಿಂದ 14 ಮೀಟರ್. ಮಡಚುವ ನಾಲ್ಕು ಕೊಂಡಿಯ ಚಿಕ್ಕ ಲಂಗರು ಕಲ್ಲಿನ ಸಂದಿಯಲ್ಲಿ ಹಿಡಿಯುತ್ತದೆ, ಮೆತ್ತನೆಯ ಕೆಸರಿನಲ್ಲಿ ಜಾರುತ್ತದೆ. ಕಟ್ಟಿದ ಮೇಲೆ ಒಮ್ಮೆ ಜೋರಾಗಿ ಜಗ್ಗಿ ನೋಡದೆ ಹೊರಡಬೇಡಿ.

ಮುಂಗಾರಿನಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುತ್ತದೆ, ಅಣೆಕಟ್ಟೆ ಇರುವುದು ಜಲಾಶಯದ ಪೂರ್ವದ ತುದಿಯಲ್ಲಿ. ಬಿಚ್ಚಿಹೋದ ದೋಣಿ ಆಗ ಗೇಟುಗಳ ಕಡೆಗೇ ಸಾಗುತ್ತದೆ, ಅದನ್ನು ಹಿಂಬಾಲಿಸಿ ಈಜುವ ಸಾಹಸ ಎಂದಿಗೂ ಬೇಡ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಅಣೆಕಟ್ಟೆಯ ಕೆಳಗಿನ ನದಿಪಾತ್ರದಲ್ಲಂತೂ ದೋಣಿಯನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ ಬಿಟ್ಟುಹೋಗಬಾರದು, ಏಕೆಂದರೆ ಗೇಟು ತೆರೆದ ಮೇಲೆ ನೀರು ಏರುವ ವೇಗಕ್ಕೆ ಮರಳಿ ಬಂದು ಬಿಚ್ಚಿಕೊಳ್ಳಲು ಸಮಯ ಸಿಗುವುದಿಲ್ಲ.