‘ಮುಖವೇ ನಕಾಶೆ’ ಲೇಖನದ ಬಗ್ಗೆ

ನಮಸ್ಕಾರ. ಕರಾವಳಿಯವರು, ಬಯಲುಸೀಮೆಯವರು ಯಾರೆಂದು ಮೂಗು ನೋಡಿಯೇ ಹೇಳಬಹುದು ಎನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಿನ ಆಗರದ ಬಗ್ಗೆ ಬರೆದ ಮೂರು ಪ್ಯಾರಾ ನಮಗೆ ಬೇಕೇ ಬೇಕು.

ಮೊದಲು ಮೂಗಿನ ಲೆಕ್ಕ. ಅಗಲವನ್ನು ಎತ್ತರದಿಂದ ಭಾಗಿಸಿ 100ರಿಂದ ಗುಣಿಸಿದರೆ ಸೂಚ್ಯಂಕ. 70ರ ಕೆಳಗಿದ್ದರೆ ಕಿರಿದು, 85 ದಾಟಿದರೆ ಅಗಲ. ಎತ್ತರವನ್ನು ಹಣೆಯ ಮೂಳೆಯೂ ಮೂಗಿನ ಮೂಳೆಯೂ ಕೂಡುವ ಜಾಗದಿಂದ ಹಿಡಿಯಬೇಕು. ಆ ಜಾಗ ಚರ್ಮದಡಿ ಇರುವುದರಿಂದ ಬೆರಳಿನಿಂದ ತಡವಿಯೇ ಹುಡುಕಬೇಕು. ಅಗಲ 34 ಮಿ.ಮೀ., ಎತ್ತರ 50 ಇದ್ದರೆ 68 ಬರುತ್ತದೆ. ಬೆರಳು ಮೂರೇ ಮಿ.ಮೀ. ಕೆಳಗೆ ಜಾರಿದರೆ ಅದೇ ಮನುಷ್ಯ 72 ಆಗಿ ಬೇರೆ ಗುಂಪಿಗೆ ಸೇರುತ್ತಾನೆ. ನೀವು ಅಳೆದಿರುವುದಂತೂ ಸೆಲ್ಫಿಗಳಿಂದ. ಒಂದಡಿ ದೂರದ ಫೋಟೋದಲ್ಲಿ ಮೂಗು ಐದಡಿ ದೂರದ್ದಕ್ಕಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ.

1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ ಇದೇ ಅಳತೆಯಿಂದ ಜಾತಿಗಳಿಗೆ ಮೇಲುಕೀಳಿನ ಏಣಿ ಕಟ್ಟಿದ. ಆ ಏಣಿ ಉತ್ತರದ ಬಯಲಿನಾಚೆ ನಿಲ್ಲುವುದಿಲ್ಲವೆಂದು ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1932ರಲ್ಲೇ ತೋರಿಸಿದರು. ನೀವು ರಿಸ್ಲಿಯನ್ನು ಮಾತ್ರ ಓದಿದ್ದೀರಿ. ಹವೆಗೂ ಮೂಗಿಗೂ ನಂಟಿರುವುದು ನಿಜ. ಅದು ಸಾವಿರಾರು ವರ್ಷಗಳ, ಸರಾಸರಿಗಳ ಮಾತು. ಒಬ್ಬರ ಮೂಗು ನೋಡಿ ಅವರ ಊರು ಹೇಳಲು ಅದು ಸಾಲದು.

ಈಗ ಆಗರಕ್ಕೆ ಬನ್ನಿ. ಉಪ್ಪಿನ ಮೇಲೆ ಬಿದ್ದ ಬಿಸಿಲು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ, ತಲೆಗೆ ಸುತ್ತಿದ ಬಟ್ಟೆ ಅದನ್ನು ತಡೆಯದು. ಕಣ್ಣು ಕಿರಿದಾಗಿಸಿ ಕಿರಿದಾಗಿಸಿ ಕಣ್ಣಂಚಿನಲ್ಲಿ ಗೆರೆ ಬೀಳುತ್ತದೆ, ಮುಖ ಸಡಿಲಿಸಿದಾಗ ಗೆರೆಯ ಒಳಗಿನ ಚರ್ಮ ಮಾತ್ರ ಬಿಳುಚಿಕೊಂಡಿರುತ್ತದೆ. ಇದನ್ನು ನೀವು ಗಮನಿಸಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಲೇಖನ ಇಲ್ಲಿಂದಲೇ ಶುರುವಾಗಲಿ. ಎಷ್ಟು ವರ್ಷದ ಕೆಲಸ, ದಿನಕ್ಕೆ ಎಷ್ಟು ಗಂಟೆ, ಮಳೆಗಾಲದಲ್ಲಿ ಏನು ಮಾಡುತ್ತಾರೆ ಎಂದು ಕೇಳಿ. ಅದೇ ಮನೆಯ, ಆಗರಕ್ಕೆ ಹೋಗದ ಅಣ್ಣನನ್ನೋ ತಂಗಿಯನ್ನೋ ಪಕ್ಕದಲ್ಲಿ ಕೂರಿಸಿ ಹೋಲಿಸಿ. ರಕ್ತ ಒಂದೇ ಇರುವಾಗ ಕಾಣುವ ವ್ಯತ್ಯಾಸದಲ್ಲಿ ದುಡಿಮೆಯ ಪಾಲೆಷ್ಟೆಂದು ಅಂದಾಜು ಸಿಗುತ್ತದೆ. ವಯಸ್ಸಿನ ಅಂತರವನ್ನೂ ಬರೆದುಕೊಳ್ಳಿ, ಗೆರೆ ವಯಸ್ಸಿನಿಂದಲೂ ಬರುತ್ತದೆ.

ಫೋಟೋ ಐದಡಿ ದೂರದಿಂದ, ಕಣ್ಣಿನ ಮಟ್ಟದಲ್ಲಿ, ನೆರಳಿನಲ್ಲಿ ತೆಗೆಯಿರಿ. ಪತ್ರಿಕೆಯಲ್ಲಿ ಬರುತ್ತದೆಂದು ಬಿಡಿಸಿ ಹೇಳಿ ಒಪ್ಪಿಗೆ ಪಡೆಯಿರಿ. ಬೇಡ ಎಂದವರ ಮುಖವನ್ನು ಪದಗಳಲ್ಲೂ ಗುರುತು ಸಿಗುವಂತೆ ಬರೆಯಬೇಡಿ.

1,200 ಪದಗಳೊಳಗೆ ತಿದ್ದಿ ಕಳಿಸಿ. ಕಾಯುತ್ತಿರುತ್ತೇವೆ.

– ಸಂಪಾದಕರು