ಬ್ರೈನ್‌ವೇವ್ ಟ್ರೈನಿಂಗ್: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮಾರಾಯ್ರೆ, ಮಗ ಚೆಂಡೆ ಕ್ಲಾಸಿನಲ್ಲಿ ಹತ್ತು ನಿಮಿಷಕ್ಕೇ ಎಲ್ಲೋ ನೋಡುತ್ತಾ ಕೂರುತ್ತಾನೆ, ಬ್ರೈನ್‌ವೇವ್ ಟ್ರೈನಿಂಗ್ 40 ಸಿಟ್ಟಿಂಗ್ ಮಾಡಿಸಿದರೆ ಗಮನ, ಮೂಡು, ಗುಣ ಮೂರೂ ಸರಿಯಾಗುತ್ತದಂತೆ, ಹೌದಾ ಅಂತ ಕೇಳಿದ್ದೀರಿ. ನಾನು ಮಾಡಿಸಿಕೊಂಡವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆದರಬೇಡಿ, ಶಾಕ್ ಕೊಡುವುದಿಲ್ಲ. ತಲೆಗೆ ಪೇಸ್ಟ್ ಹಚ್ಚಿ ಎರಡು ಮೂರು ವಯರ್ ಅಂಟಿಸುತ್ತಾರೆ. ಮೆದುಳಿನ ಅಲೆ ಹದಕ್ಕೆ ಬಂದರೆ ಸ್ಕ್ರೀನಿನಲ್ಲಿ ಕಾರು ಓಡುತ್ತದೆ, ತಪ್ಪಿದರೆ ನಿಲ್ಲುತ್ತದೆ. ಗಮನಕ್ಕೆ ಅಂತ ಸಾಮಾನ್ಯವಾಗಿ 4ರಿಂದ 8 ಹರ್ಟ್ಜ್‌ನ ಥೀಟಾ ಎಂಬ ನಿಧಾನದ ಅಲೆ ಇಳಿಸಿ, ಬೀಟಾ ಎಂಬ ವೇಗದ ಅಲೆ ಏರಿಸುವ ಅಭ್ಯಾಸ. ಇದರ ಮೂಲ ಬೆಕ್ಕು ಅಂದರೆ ನಂಬ್ತೀರಾ? 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಬ್ಯಾರಿ ಸ್ಟರ್ಮನ್ ಬೆಕ್ಕುಗಳಿಗೆ ಒಂದು ಅಲೆ ಹೆಚ್ಚಿಸುವುದನ್ನು ಕಲಿಸಿದರು, ಆಮೇಲೆ ರಾಕೆಟ್ ಇಂಧನದ ವಿಷ ಕೊಟ್ಟು ನೋಡಿದಾಗ ಅವಕ್ಕೆ ಫಿಟ್ಸ್ ಸುಲಭಕ್ಕೆ ಬರಲಿಲ್ಲ.

ಆದರೆ ಮಕ್ಕಳ ವಿಷಯ ಬೇರೆ. ಅಮೆರಿಕದಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರುವ 7ರಿಂದ 10 ವರ್ಷದ 140ಕ್ಕೂ ಜಾಸ್ತಿ ಮಕ್ಕಳಲ್ಲಿ ಕೆಲವರಿಗೆ ನಿಜವಾದ ಟ್ರೈನಿಂಗ್, ಉಳಿದವರಿಗೆ ಹಾಗೇ ಕಾಣುವ ಸುಳ್ಳು ಟ್ರೈನಿಂಗ್ ಕೊಟ್ಟರು. ಎರಡೂ ಕಡೆಯವರು ಸುಧಾರಿಸಿದರು, ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ. ದಿನ ತಪ್ಪದೆ ಬಂದು ಕೂತದ್ದು, ಒಬ್ಬರು ಪಕ್ಕದಲ್ಲಿದ್ದು ಭೇಷ್ ಅಂದದ್ದು, ಅದೇ ಕೆಲಸ ಮಾಡಿರಬೇಕು ಅಂತ ನನ್ನ ಲೆಕ್ಕ.

ನನ್ನದೇ ಹೇಳುತ್ತೇನೆ. ಉಡುಪಿಯಿಂದ ಬಸ್ಸಿನಲ್ಲಿ ಮಂಗಳೂರಿಗೆ 12 ಸಲ ಹೋದೆ, ಬರುವಾಗ ಮನಸ್ಸು ಹಗುರ. ಒಂದು ದಿನ ವಯರ್ ಸಡಿಲವಾಗಿ ನಾನು ದವಡೆ ಕಚ್ಚಿದಾಗೆಲ್ಲ ಕಾರು ಓಡಿತು! ದವಡೆಯ ಸ್ನಾಯುವಿನ ಕರೆಂಟೂ ಬೀಟಾದ ಹಾಗೇ ಕಾಣುತ್ತದೆ, ಗೊತ್ತಾ? ಆ ಸಂಜೆಯೂ ನಾನು ಅಷ್ಟೇ ಹಗುರ.

ಹಾಗಂತ ಪೂರಾ ಪೊಳ್ಳು ಅನ್ನಲಾರೆ. 2003ರಲ್ಲಿ ಲಂಡನ್ನಿನ ಸಂಗೀತ ವಿದ್ಯಾರ್ಥಿಗಳಿಗೆ ಕಣ್ಣು ಮುಚ್ಚಿ, ಆಲ್ಫಾ ಎಂಬ ವಿಶ್ರಾಂತಿಯ ಅಲೆಗಿಂತ ಥೀಟಾವನ್ನು ಏರಿಸುವ ಆಲ್ಫಾ-ಥೀಟಾ ಅಭ್ಯಾಸ ಕೊಟ್ಟಾಗ ಅವರ ನುಡಿಸಾಣಿಕೆಗೆ ಅಂಕ ಏರಿತು, ಬೀಟಾ ಮಾಡಿದವರಿಗೆ ಏರಲಿಲ್ಲ. 2005ರಲ್ಲಿ ಅದೇ ಅಭ್ಯಾಸ ಮಾಡಿದ ಸಂಕೋಚದ ಮೆಡಿಕಲ್ ವಿದ್ಯಾರ್ಥಿಗಳ ಮೂಡು ಚೆನ್ನಾಯಿತು, ಗುಣದ ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಗುಣ ಬದಲಾಗುತ್ತದೆ ಅನ್ನುವವರ ಮಾತು ಬಿಟ್ಟುಬಿಡಿ.

ಮೊದಲು ಮಕ್ಕಳ ಮನೋವೈದ್ಯರಿಗೆ ತೋರಿಸಿ. ನಿದ್ದೆ, ಕಿವಿ, ಕಣ್ಣು ನೋಡಿಸಿ. ಒಂದು ತಿಂಗಳು ಚೆಂಡೆ ಬದಿಗಿಟ್ಟು ದಿನಕ್ಕೆ ಹತ್ತೇ ನಿಮಿಷ ಬಾಯಿತಾಳ ಹೇಳಿಸಿ, ನೀವೂ ಎದುರು ಕೂತು ತಟ್ಟಿ. ಆಮೇಲೂ ಸೇರಿಸುವುದಾದರೆ ಐದೈದು ಸಿಟ್ಟಿಂಗಿನ ದುಡ್ಡು ಮಾತ್ರ ಕೊಡಿ. ನಾನು ಒಟ್ಟಿಗೆ ಕೊಟ್ಟಿದ್ದೆ, ಬಾಕಿ ಈವರೆಗೆ ವಾಪಸ್ ಬರಲಿಲ್ಲ.